ಹವಳದ ಮನೆಗೆ ಮೊದಲು ಬರುವುದು ಹಾವಸೆ

ರಿಯಾದ್‌ನಲ್ಲಿ ನಲ್ಲಿ ತಿರುಗಿಸಿದರೆ ಬೀಳುವ ನೀರಿನ ದೊಡ್ಡ ಪಾಲು ಸಮುದ್ರದ್ದು. ಕೊಲ್ಲಿಯ ದಂಡೆಯ ಜುಬೈಲ್‌ನಲ್ಲಿ ಉಪ್ಪು ಕಳಚಿಟ್ಟು, 400 ಕಿಲೋಮೀಟರಿಗೂ ಹೆಚ್ಚು ದೂರ ಕೊಳವೆಯೊಳಗೆ ಮರಳುಗಾಡು ದಾಟಿ, ಸುಮಾರು 600 ಮೀಟರ್ ಎತ್ತರ ಹತ್ತಿ ಬಂದ ನೀರು ಅದು. ಆ ಊರಿನಲ್ಲಿ ಹವಳದ ಅಕ್ವೇರಿಯಂ ಇಡಲು ಹೊರಟವನು ಮಾಡುವ ಮೊದಲ ಕೆಲಸ, ಅದೇ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಮತ್ತೆ ಉಪ್ಪು ಕಲಸುವುದು. 200 ಲೀಟರ್ ತೊಟ್ಟಿಗೆ ಏಳು ಕಿಲೋ. ದೇಶವೇ ಬೆವರು ಸುರಿಸಿ ತೆಗೆದದ್ದನ್ನು ಇವನು ದುಡ್ಡು ಕೊಟ್ಟು ವಾಪಸು ಹಾಕುತ್ತಾನೆ.

ಇಷ್ಟೆಲ್ಲ ಮಾಡಿ, ಪಂಪು, ದೀಪ, ಕಲ್ಲು, ಬಿಳಿ ಮರಳು ಎಲ್ಲ ಜೋಡಿಸಿ ಕುಳಿತವನಿಗೆ ಮೂರನೇ ವಾರ ಸಿಗುವ ಬಹುಮಾನ ಹವಳವಲ್ಲ, ಹಾವಸೆ. ಮೊದಲು ಮರಳಿನ ಮೇಲೆ ಯಾರೋ ಕಾಫಿಪುಡಿ ಉದುರಿಸಿದ ಹಾಗೆ ಕಂದು ಧೂಳು. ಆಮೇಲೆ ಕಲ್ಲಿಗೆಲ್ಲ ಹಸಿರು ಕೂದಲು. ಅದು ತಗ್ಗಿತು ಎನ್ನುವಾಗ ಹಳೆಯ ರೇಷ್ಮೆ ಸೀರೆಯ ತುಂಡು ಹಾಸಿದ ಹಾಗೆ ಕೆನ್ನೇರಳೆ ಲೋಳೆ. ಅದೃಷ್ಟ ಇನ್ನೂ ಕೆಟ್ಟಿದ್ದರೆ, ನೆಗಡಿಯಾದ ಮಗುವಿನ ಮೂಗಿನಂತೆ ಗುಳ್ಳೆ ಕಟ್ಟಿ ಜೋತಾಡುವ ಕಂದು ಎಳೆಗಳು. ಅಕ್ವೇರಿಯಂ ಸಾಕುವವರು ಈ ಅವಧಿಗೆ ‘ಕುರೂಪದ ಕಾಲ’ ಎಂದೇ ಹೆಸರಿಟ್ಟಿದ್ದಾರೆ. ಕೆಲವರಿಗೆ ಎರಡು ತಿಂಗಳು, ಕೆಲವರಿಗೆ ಎಂಟು. ತೊಟ್ಟಿಯನ್ನು ಅರ್ಧ ಬೆಲೆಗೆ ಮಾರಿ ಕೈತೊಳೆದುಕೊಳ್ಳುವವರು ಹೆಚ್ಚಾಗಿ ಮಾರುವುದು ಇದೇ ಕಾಲದಲ್ಲಿ.

ಅವಸರ ಬೇಡ ಎನ್ನುವುದಕ್ಕೆ ಕಾರಣ ನಮ್ಮೂರಿನಲ್ಲೇ ಇದೆ. ಊರಾಚೆ ಹೊಸ ಲೇಔಟ್ ಮಾಡಲು ಜೆಸಿಬಿ ಬಂದು ನೆಲವನ್ನೆಲ್ಲ ಬೋಳಿಸಿ ಹೋಗುತ್ತದೆ. ಒಂದು ಮಳೆ ಬಿದ್ದರೆ ಅಲ್ಲಿ ಮೊದಲು ಎದ್ದು ನಿಲ್ಲುವುದು ಹೊಂಗೆಯಲ್ಲ, ಬೇವಲ್ಲ, ಕಾಂಗ್ರೆಸ್ ಗಿಡ. ಖಾಲಿ ನೆಲ, ಬಿಸಿಲು, ತಡೆಯುವವರಿಲ್ಲದ ಗೊಬ್ಬರ. ಇವು ಮೂರೂ ಇದ್ದಲ್ಲಿ ಬೇಗ ಬೆಳೆಯುವುದೇ ಮೊದಲು ಬರುತ್ತದೆ. ಹೊಸ ತೊಟ್ಟಿಯೂ ಬೋಳು ನೆಲವೇ. ಅಲ್ಲಿಗೆ ಬಂದ ಪಾಚಿ ರೋಗವಲ್ಲ, ಒಕ್ಕಲು. ಹಾಗಾಗಿ ‘ಇದನ್ನು ಕೊಲ್ಲುವುದು ಹೇಗೆ’ ಎಂದು ಕೇಳುವುದಕ್ಕಿಂತ ‘ಈ ಜಾಗದಲ್ಲಿ ಇನ್ಯಾರು ಇರಬೇಕಿತ್ತು’ ಎಂದು ಕೇಳಿದರೆ ದಾರಿ ಬೇಗ ಸಿಗುತ್ತದೆ.

ಮೊದಲು ಬರಬೇಕಾದವು ಕಣ್ಣಿಗೆ ಕಾಣದವು. ಮೀನಿನ ಹೇಲು, ಉಳಿದ ಆಹಾರ ಕೊಳೆತರೆ ಅಮೋನಿಯಾ. ಮೀನಿಗೆ ಅದು ವಿಷ. ಒಂದು ಬಗೆಯ ಸೂಕ್ಷ್ಮಜೀವಿ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಈ ಎರಡು ಕೈಗಳು ಕೂಡಿಬರಲು ಮೂರರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕದೆ ಮೊಸರಾಗಲಿ ಎಂದು ಕಾದರೆ ಹಾಲು ಒಡೆಯುತ್ತದೆ. ಹಳೆಯ ತೊಟ್ಟಿಯಿಂದ ತಂದ ಸೂಕ್ಷ್ಮಜೀವಿಗಳು ನೆಲೆಸಿದ ಒಂದು ಜೀವಂತ ಕಲ್ಲು, ಒಂದು ಹಿಡಿ ಮರಳು ಇಲ್ಲಿ ಹೆಪ್ಪಿನ ಕೆಲಸ ಮಾಡುತ್ತದೆ. ಅಮೋನಿಯಾ, ನೈಟ್ರೈಟ್ ತಿಂದು ಬದುಕುವ ಇಂಥ ಬ್ಯಾಕ್ಟೀರಿಯಾಗಳನ್ನು ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೇ ಗುರುತಿಸಿದ್ದ. ಆದರೆ ಸಮುದ್ರದಲ್ಲಿ ಅಮೋನಿಯಾ ತಿನ್ನುವ ಕೆಲಸದಲ್ಲಿ ಆರ್ಕಿಯಾ ಎಂಬ ಬೇರೆಯೇ ಕುಲಕ್ಕೆ ದೊಡ್ಡ ಪಾಲಿದೆ ಎಂಬ ಸುಳಿವು ಸಿಕ್ಕಿದ್ದು 2005ರಲ್ಲಿ. ಆ ಜೀವಿ ಸಿಕ್ಕ ಜಾಗ ಸಾಗರದ ತಳವಲ್ಲ. ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ತೊಟ್ಟಿಯ ಜಲ್ಲಿಕಲ್ಲು. ಅಕ್ವೇರಿಯಂ ಇಡುವುದು ಬರೀ ಶೋಕಿ ಎನ್ನುವವರಿಗೆ ಹೇಳಲು ಈ ಒಂದು ಸಂಗತಿ ಸಾಕು.

ಈ ಹೆಪ್ಪು ಕೂಡುವ ಮೊದಲು ಒಂದು ಬೆಳಿಗ್ಗೆ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಬಹುದು. ಅದು ನೀರಲ್ಲಿ ತೇಲುತ್ತ ಒಮ್ಮೆಗೇ ಹೆಚ್ಚಿದ ಬ್ಯಾಕ್ಟೀರಿಯಾ. ಇದ್ದ ಸಕ್ಕರೆಯಂಥ ಕಾರ್ಬನ್ ಮುಗಿದರೆ ತಾನಾಗಿ ತಿಳಿಯಾಗುತ್ತದೆ. ಅಲ್ಲಿಯವರೆಗೆ ಅದು ಮೀನಿನ ಆಮ್ಲಜನಕಕ್ಕೆ ಪಾಲು ಕೇಳುವುದರಿಂದ ನೀರಿನ ಮೇಲ್ಮೈ ಕಲಕುತ್ತಿರಬೇಕು, ಗಾಳಿಗುಳ್ಳೆ ಬಿಡಬೇಕು, ಊಟ ಕಡಿಮೆ ಮಾಡಬೇಕು. ಅಷ್ಟೇ.

ಇನ್ನು ಕಂದು ಧೂಳು. ಅದು ಡಯಾಟಮ್, ಗಾಜಿನ ಡಬ್ಬಿಯೊಳಗೆ ವಾಸಿಸುವ ಏಕಕೋಶ ಜೀವಿ. ಡಬ್ಬಿ ಕಟ್ಟಲು ಅದಕ್ಕೆ ಸಿಲಿಕೇಟ್ ಬೇಕು. ಸಿಲಿಕೇಟ್ ಬರುವುದು ಹೊಸ ಮರಳಿನಿಂದ ಮತ್ತು ನೀರಿನಿಂದ. ಇಲ್ಲಿ ಸೌದಿಯ ನೀರಿನ ಕಥೆ ಸ್ವಲ್ಪ ಹೇಳಬೇಕು. ಜೆಡ್ಡಾದ ಹಳಬರ ಬಾಯಲ್ಲಿ ಸಮುದ್ರದ ನೀರು ಸಿಹಿ ಮಾಡುವ ಯಂತ್ರಕ್ಕೆ ‘ಕಿಂದಾಸಾ’ ಎಂಬ ಹೆಸರಿದೆ. ತುರ್ಕರ ಆಳ್ವಿಕೆಯ ಕೊನೆಗಾಲದಲ್ಲಿ ಬಂದ ‘ಕಂಡೆನ್ಸರ್’ ಅರಬ್ಬರ ನಾಲಿಗೆಯಲ್ಲಿ ಹೊರಳಿ ಆದ ಮಾತು ಅದು. ಈಗ ಊರಿಗೆ ಊರೇ ಕಿಂದಾಸಾ ನೀರು ಕುಡಿಯುತ್ತದೆ. ಕಾರ್ಖಾನೆಯಿಂದ ಹೊರಡುವಾಗ ಅದು ಶುದ್ಧವೇ. ಆದರೆ ಕೊಳವೆ ಕೊರೆಯಬಾರದೆಂದು ಅದಕ್ಕೆ ಖನಿಜ ಸೇರಿಸುತ್ತಾರೆ. ಕೆಲವು ಊರಲ್ಲಿ ಬಾವಿ ನೀರು ಬೆರೆಯುತ್ತದೆ. ಕೆಲವು ಬಡಾವಣೆಗೆ ಅದು ‘ವೈಟ್’ ಎಂದು ಕರೆಯುವ ಟ್ಯಾಂಕರಿನಲ್ಲಿ ಬಂದು ನೆಲದಡಿಯ ತೊಟ್ಟಿಗೆ ಇಳಿದು, ಅಲ್ಲಿಂದ ತಾರಸಿಗೆ ಹತ್ತಿ, ಬಿಸಿಲಲ್ಲಿ ಕಾದು ಕೆಳಗಿಳಿಯುತ್ತದೆ. ಮನುಷ್ಯರ ಸ್ನಾನಕ್ಕೆ ಏನೂ ತೊಂದರೆಯಿಲ್ಲ. ಹವಳಕ್ಕೆ ಮಾತ್ರ ಆರ್‌ಓ ಜೊತೆಗೆ ಉಳಿದ ಅಯಾನುಗಳನ್ನು ಹಿಡಿಯುವ ಡಿಐ ರಾಳದ ಸೋಸಕವೂ ಬೇಕು. ನೀರಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬರಬೇಕು.

ಸೊನ್ನೆಯೇ ಏಕೆ? ಒಣ ಹವೆಯಲ್ಲಿ, ಎಸಿ ಕೋಣೆಯಲ್ಲಿ ತೊಟ್ಟಿಯ ನೀರು ದಿನಕ್ಕೆ ಲೀಟರುಗಟ್ಟಲೆ ಆರುತ್ತದೆ. ಆರುವುದು ನೀರು ಮಾತ್ರ. ಒಲೆಯ ಮೇಲೆ ಬತ್ತಿದ ಸಾರು ಉಪ್ಪಾಗುವ ಹಾಗೆ ಉಳಿದದ್ದೆಲ್ಲ ಗಟ್ಟಿಯಾಗುತ್ತದೆ. ಆ ಕೊರತೆಯನ್ನು ಉಪ್ಪಿಲ್ಲದ ನೀರಿನಿಂದಲೇ ತುಂಬಬೇಕು. ನಲ್ಲಿ ನೀರಿನಿಂದ ತುಂಬಿದರೆ ದಿನಕ್ಕೊಂದು ಚಿಟಿಕೆಯಂತೆ ಸಿಲಿಕೇಟ್, ಫಾಸ್ಫೇಟ್ ಸೇರುತ್ತಲೇ ಹೋಗುತ್ತದೆ. ‘ಕಡಲು ಪಕ್ಕದಲ್ಲೇ ಇದೆಯಲ್ಲ’ ಎಂದು ಕ್ಯಾನು ಹಿಡಿದು ಹೋಗುವ ಜೆಡ್ಡಾದವರಿಗೂ ಎರಡು ಎಚ್ಚರಿಕೆ. ಅಲ್ಲಿನ ಕೆಂಪು ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 39 ಗ್ರಾಂ ಉಪ್ಪಿದೆ. ಬೇರೆ ಸಾಗರದ ಹವಳ ತಂದಿದ್ದರೆ ಶುದ್ಧ ನೀರು ಬೆರೆಸಿ ಇಳಿಸಬೇಕು. ಎರಡನೆಯದು, ಎಲ್ಲಿ ಮೊಗೆಯುತ್ತೀರಿ ಎನ್ನುವುದು. ಊರ ನಡುವಿನ ಅಲ್ ಅರ್ಬಯೀನ್, ಅಲ್ ಶಬಾಬ್ ಹಿನ್ನೀರುಗಳು ವರ್ಷಾನುಗಟ್ಟಲೆ ಚರಂಡಿ ನೀರು ಕುಡಿದು ಹಸಿರುಗಟ್ಟಿದವು. ನಮ್ಮ ಬೆಳ್ಳಂದೂರು ಕೆರೆಗೆ ಆದದ್ದೇ ಅವಕ್ಕೂ ಆದದ್ದು. ಅಂಥ ನೀರು ತಂದರೆ ಗೊಬ್ಬರದ ಮೂಟೆಯನ್ನೇ ಹೊತ್ತು ತಂದ ಹಾಗೆ.

ನೀರು ಸರಿಯಿದ್ದರೆ ಡಯಾಟಮ್ ತನ್ನ ಸಿಲಿಕೇಟ್ ಮುಗಿಸಿ ಕೆಲವು ವಾರಗಳಲ್ಲಿ ಹೊರಟುಹೋಗುತ್ತದೆ. ತೆರವಾದ ಜಾಗಕ್ಕೆ ಹಸಿರು ಕೂದಲು ಬರುತ್ತದೆ. ಅದಕ್ಕೆ ನೈಟ್ರೇಟ್, ಫಾಸ್ಫೇಟ್ ಬೇಕು. ನೀರು ಪರೀಕ್ಷಿಸಿ ‘ಫಾಸ್ಫೇಟ್ ಇಲ್ಲವೇ ಇಲ್ಲ, ಆದರೂ ಪಾಚಿ ಬೆಳೆಯುತ್ತಿದೆ’ ಎಂದು ತಲೆ ಕೆರೆದುಕೊಳ್ಳುವವರುಂಟು. ನೀರಲ್ಲಿ ಇಲ್ಲದಿರುವುದು ಪಾಚಿ ಅದನ್ನು ಆಗಲೇ ತಿಂದಿರುವುದರಿಂದ. ಒಣಕಲ್ಲು ತಂದಿದ್ದರೆ ಅದರ ರಂಧ್ರಗಳಿಂದಲೂ ಫಾಸ್ಫೇಟ್ ಮೆಲ್ಲನೆ ಒಸರುತ್ತಿರುತ್ತದೆ. ಮದ್ದು ಸರಳ, ಬೇಸರದ್ದು: ಕೈಯಿಂದ ಕಿತ್ತು ಹೊರಹಾಕುವುದು, ದೀಪವನ್ನು ದಿನಕ್ಕೆ ಆರೇಳು ಗಂಟೆಗೆ ಇಳಿಸುವುದು, ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕುವುದು, ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸುವುದು. ಕಿತ್ತ ಪಾಚಿಯ ಜೊತೆ ಅದು ನುಂಗಿದ ಗೊಬ್ಬರವೂ ಹೊರಹೋಗುತ್ತದೆ. ಔಷಧಿ ಹಾಕಿ ಕೊಂದರೆ ಸತ್ತ ಪಾಚಿ ಅಲ್ಲೇ ಕೊಳೆತು ಗೊಬ್ಬರ ಮತ್ತೆ ನೀರಿಗೇ ಬರುತ್ತದೆ. ಕಳೆ ಕಿತ್ತು ಬದುವಿನಾಚೆ ಹಾಕುವ ನಮ್ಮ ಹೆಂಗಸರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಕಡಲಲ್ಲಿ ಕಳೆ ಕೀಳುವವರು ಯಾರು? ಪಾಚಿ ಮೇಯುವ ಮೀನುಗಳು. ಅವುಗಳಲ್ಲಿ ಒಂದಕ್ಕೆ ಹೆಸರು ಬಂದ ಕಥೆ ಕೇಳಿ. 1762ರ ಅಕ್ಟೋಬರಿನಲ್ಲಿ ಡೆನ್ಮಾರ್ಕ್ ದೊರೆ ಕಳಿಸಿದ ಅರೇಬಿಯಾ ತಂಡ ಜೆಡ್ಡಾದಲ್ಲಿ ಇಳಿಯಿತು. ಅದರಲ್ಲಿದ್ದ ಸಸ್ಯ-ಪ್ರಾಣಿ ಶಾಸ್ತ್ರಜ್ಞ ಪೀಟರ್ ಫೋರ್ಸ್ಕೋಲ್ ಕೆಂಪು ಸಮುದ್ರದ ಮೀನುಗಳನ್ನು ಒಂದೊಂದಾಗಿ ವಿವರಿಸಿದ. ಮರುವರ್ಷವೇ ಯೆಮೆನ್‌ನಲ್ಲಿ ಜ್ವರದಿಂದ ತೀರಿಕೊಂಡ. ಬದುಕುಳಿದ ಗೆಳೆಯ ಕಾರ್ಸ್ಟನ್ ನೀಬೂರ್ 1775ರಲ್ಲಿ ಅವನ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದ. ಫೋರ್ಸ್ಕೋಲ್ ಹಲವು ಮೀನುಗಳಿಗೆ ಲ್ಯಾಟಿನ್ ಹೆಸರು ಹುಡುಕುವ ಬದಲು ಬೆಸ್ತರ ಬಾಯಿಯ ಅರಬ್ಬೀ ಹೆಸರನ್ನೇ ಉಳಿಸಿಕೊಂಡ. ನೀಲಿ ಗೆರೆಗಳ ‘ಸೊಹಾಲ್’ ಹಾಗೆ ವಿಜ್ಞಾನಕ್ಕೆ ಬಂದದ್ದು. ದಿನವಿಡೀ ಹವಳದಿಣ್ಣೆಯ ಮೇಲೆ ಪಾಚಿ ಮೇಯುವ ದನ ಅದು. ಹಾಗೆಂದು 200 ಲೀಟರಿನ ತೊಟ್ಟಿಗೆ ಸೊಹಾಲ್ ತರಬೇಡಿ. ಅದು 40 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ, ಉಳಿದವರ ಮೇಲೆ ಏರಿಹೋಗುತ್ತದೆ. ಚಿಕ್ಕ ತೊಟ್ಟಿಗೆ ಟರ್ಬೊ, ಟ್ರೋಕಸ್ ಬಸವನಹುಳುಗಳು, ಸನ್ಯಾಸಿ ಏಡಿಗಳು ಸಾಕು.

ಮೇಯುವವರು ಇಲ್ಲವಾದರೆ ಏನಾಗುತ್ತದೆ ಎಂದು ಜಮೈಕಾ ನೋಡಿದೆ. 1983ರಲ್ಲಿ ಕೆರಿಬಿಯನ್ ಕಡಲಿನ ಉದ್ದಮುಳ್ಳಿನ ಕಡಲಚೆಂಡುಗಳು ರೋಗ ಬಂದು ಬಹುಪಾಲು ಸತ್ತವು. ಅತಿಯಾಗಿ ಮೀನು ಹಿಡಿದು ಮೇಯುವ ಮೀನುಗಳೂ ಅಲ್ಲಿ ಆಗಲೇ ಕಡಿಮೆಯಾಗಿದ್ದವು. ಒಂದು ಕಾಲಕ್ಕೆ ಅರ್ಧ ನೆಲ ಹವಳವಿದ್ದ ದಿಣ್ಣೆಗಳಲ್ಲಿ ಹತ್ತೇ ವರ್ಷದಲ್ಲಿ ಹವಳ ನೂರಕ್ಕೆ ಐದಕ್ಕಿಂತ ಕೆಳಗಿಳಿದು, ಪಾಚಿ ಎಲ್ಲೆಡೆ ಹಬ್ಬಿತು. 2023ರಲ್ಲಿ ಸೌದಿಯ ಗಡಿಯೂ ತಾಗುವ ಅಕಬಾ ಕೊಲ್ಲಿಯಲ್ಲಿ ಅದೇ ಕುಲದ ದಾಯಾದಿ ಕಡಲಚೆಂಡುಗಳು ಎರಡೇ ದಿನದಲ್ಲಿ ಮುಳ್ಳುದುರಿಸಿ ಸಾಯತೊಡಗಿದಾಗ ವಿಜ್ಞಾನಿಗಳು ಗಾಬರಿಯಾದದ್ದು ಈ ನೆನಪಿನಿಂದ. ಹವಳದಿಣ್ಣೆ ಸ್ವಚ್ಛವಾಗಿ ಕಾಣುವುದು ಅಲ್ಲಿ ಪಾಚಿ ಬೆಳೆಯದೆ ಇರುವುದರಿಂದಲ್ಲ. ಬೆಳೆದದ್ದು ಬೆಳೆದಷ್ಟೇ ವೇಗವಾಗಿ ಯಾರದೋ ಹೊಟ್ಟೆ ಸೇರುವುದರಿಂದ.

ಮೂರನೆಯ ಅತಿಥಿ ಕೆನ್ನೇರಳೆ ಲೋಳೆ. ಇದು ಪಾಚಿಯೇ ಅಲ್ಲ, ಸೈನೊಬ್ಯಾಕ್ಟೀರಿಯಾ. ಇದರ ಮನೆತನ ದೊಡ್ಡದು. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ್ದು ಇದರ ಹಿರಿಯರು. ನಮ್ಮ ಭತ್ತದ ಗದ್ದೆಗೆ ‘ನೀಲಿ-ಹಸಿರು ಪಾಚಿ’ ಎಂದು ಕೃಷಿ ಇಲಾಖೆ ಹಾಕಿಸುವ ಜೈವಿಕ ಗೊಬ್ಬರವೂ ಇದೇ ಕುಲ. ಗಾಳಿಯ ನೈಟ್ರೋಜನ್ನನ್ನು ಇವು ಹಿಡಿದಿಡುವುದರಿಂದಲೇ ಭಾರತದ ಗದ್ದೆಗಳ ಫಲವತ್ತತೆ ಉಳಿದಿದೆ ಎಂದು ಪಿ.ಕೆ. ಡೇ 1939ರಲ್ಲೇ ತೋರಿಸಿಕೊಟ್ಟಿದ್ದರು. ಕೆಂಪು ಸಮುದ್ರಕ್ಕೆ ಆ ಹೆಸರು ಬಂದಿರುವುದೂ ಇದರಿಂದಲೇ ಇರಬಹುದು. 1823ರ ಡಿಸೆಂಬರಿನಲ್ಲಿ ಸಿನಾಯ್‌ನ ತೂರ್ ಬಳಿ ಇದ್ದ ಜರ್ಮನ್ ಜೀವವಿಜ್ಞಾನಿ ಎಹ್ರನ್‌ಬರ್ಗ್ ಇಡೀ ಕೊಲ್ಲಿಯೇ ರಕ್ತದಂತೆ ಕೆಂಪಾಗಿದ್ದನ್ನು ಕಂಡ. ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡವು ಕೂದಲೆಳೆಯ ಕಂತೆಗಳು: ಟ್ರೈಕೊಡೆಸ್ಮಿಯಮ್ ಎಂಬ ಸೈನೊಬ್ಯಾಕ್ಟೀರಿಯಾ. ಹೆಸರಿಗೆ ಬೇರೆ ವಿವರಣೆಗಳೂ ಉಂಟು. ಆದರೆ ತೊಟ್ಟಿಯಲ್ಲಿ ಕೆಂಪು ಲೋಳೆ ಕಂಡು ಹಣೆ ಚಚ್ಚಿಕೊಳ್ಳುವ ಜೆಡ್ಡಾದ ಮನುಷ್ಯ ಕಿಟಕಿಯಾಚೆ ನೋಡಿದರೆ ಅದೇ ಕುಲದವರ ಹೆಸರು ಹೊತ್ತಿರಬಹುದಾದ ಸಮುದ್ರವೇ ಇದೆ.

ಮನೆತನ ದೊಡ್ಡದೆಂದು ಮನೆಯೊಳಗೆ ಬಿಟ್ಟುಕೊಳ್ಳಬೇಕಾಗಿಲ್ಲ. ನೀರಿನ ಹರಿವು ಸತ್ತ ಮೂಲೆಗಳಲ್ಲಿ, ಕೊಳೆ ನಿಂತಲ್ಲಿ, ನೈಟ್ರೇಟ್ ತೀರಾ ಇಳಿದು ಫಾಸ್ಫೇಟ್ ಉಳಿದಾಗ ಇದು ಹಬ್ಬುತ್ತದೆ. ಪಂಪಿನ ಮುಖ ತಿರುಗಿಸಿ ಆ ಮೂಲೆಗೆ ಹರಿವು ಕೊಡಿ. ಸಣ್ಣ ಕೊಳವೆಯಿಂದ ಲೋಳೆಯನ್ನು ಹಾಳೆಹಾಳೆಯಾಗಿ ಹೀರಿ ತೆಗೆಯಿರಿ. ಅಂಗಡಿಯವನು ಕೊಡುವ ‘ಎರಡೇ ದಿನದಲ್ಲಿ ಮಾಯ’ ಪುಡಿಗಳಲ್ಲಿ ಕೆಲವು ಎರಿಥ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್. ಲೋಳೆ ಹೋಗುತ್ತದೆ, ನಿಜ; ಅದರ ಜೊತೆ ಆರು ವಾರ ಕಾದು ಕೂಡಿಸಿದ ಹೆಪ್ಪಿಗೂ ಪೆಟ್ಟು ಬೀಳಬಹುದು. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟ ಹಾಗೆ. ಸೌದಿಯಲ್ಲಿ 2018ರಿಂದ ಮನುಷ್ಯರಿಗೇ ವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕೊಡದಂತೆ ಬಿಗಿ ಮಾಡಿದ್ದಾರೆ. ಮನೆಯ ತೊಟ್ಟಿಗೆ ಅದನ್ನು ಸುರಿದು ಚರಂಡಿಗೆ ಬಿಡುವ ಮುನ್ನ ಆ ನಿಯಮದ ಹಿಂದಿನ ಭಯವನ್ನು ನೆನೆಯುವುದು ಒಳ್ಳೆಯದು.

ನಾಲ್ಕನೆಯದು ಎಲ್ಲಕ್ಕಿಂತ ಹಠಮಾರಿ: ಡೈನೊಫ್ಲಾಜೆಲೇಟ್, ಚಿಕ್ಕದಾಗಿ ಡೈನೊ. ಗುಳ್ಳೆ ಕಟ್ಟಿದ ಕಂದು ಸಿಂಬಳ. ಇದು ಬರುವುದು ಕೊಳಕು ಮನೆಗಲ್ಲ, ಅತಿ ಸ್ವಚ್ಛ ಮನೆಗೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಹೊಸಬ ಸಾಕಣೆಗಾರನೂ ಹಾಗೆಯೇ. ಫಾಸ್ಫೇಟ್ ಹೀರುವ ಪುಡಿ, ನೊರೆ ಎಬ್ಬಿಸಿ ಕೊಳೆ ತೆಗೆಯುವ ದೊಡ್ಡ ಸ್ಕಿಮ್ಮರ್, ದಿನಕ್ಕೊಮ್ಮೆ ನೀರು ಬದಲು. ಜೊತೆಗೆ ಬ್ಯಾಕ್ಟೀರಿಯಾಗೆ ಕಾರ್ಬನ್ ಉಣಿಸಿ ಅವುಗಳಿಂದ ನೈಟ್ರೇಟ್ ತಿನ್ನಿಸುವ ಉಪಾಯ. ಪಶ್ಚಿಮದ ದೇಶಗಳಲ್ಲಿ ಇದಕ್ಕೆ ವೋಡ್ಕಾ ಹನಿಸುವುದು ಪ್ರಸಿದ್ಧ. 1952ರಿಂದ ಮದ್ಯ ನಿಷೇಧವಿರುವ ಸೌದಿಯಲ್ಲಿ ಬ್ಯಾಕ್ಟೀರಿಯಾಗಳೂ ಸಭ್ಯವಾಗಿ ವಿನೆಗರ್ ಕುಡಿಯುತ್ತವೆ. ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ. ತೊಂದರೆಯೆಂದರೆ ಹೊಸ ತೊಟ್ಟಿಯಲ್ಲಿ ಅದು ಅತಿಯಾಗಿ ಆಗುತ್ತದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಬಿದ್ದಾಗ ಡಯಾಟಮ್ ಸಾಯುತ್ತದೆ, ಹಸಿರು ಪಾಚಿ ಸೊರಗುತ್ತದೆ, ಬ್ಯಾಕ್ಟೀರಿಯಾ ಉಪವಾಸ ಬೀಳುತ್ತದೆ. ಉಪವಾಸಕ್ಕೆ ಹೆದರದ ಡೈನೊ ಖಾಲಿಯಾದ ಊರಿಗೆ ನುಗ್ಗುತ್ತದೆ. ಆಗ ಮಾಡಬೇಕಾದದ್ದು ತಿರುಗಾಮುರುಗಾ: ಗೊಬ್ಬರ ಹಾಕುವುದು. ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.05ರಿಂದ 0.1ರ ಆಸುಪಾಸು ಏರಿಸಿ ಹಿಡಿದಿಟ್ಟರೆ ಉಳಿದವರಿಗೆ ಜೀವ ಬಂದು ಪೈಪೋಟಿ ಶುರುವಾಗುತ್ತದೆ. ರಾತ್ರಿ ನೀರಿಗೆ ತೇಲಿಬರುವ ಜಾತಿಯಾದರೆ ಯುವಿ ದೀಪವೂ ನೆರವಾಗುತ್ತದೆ. ಆಸ್ಟ್ರಿಯಾಪ್ಸಿಸ್‌ನಂಥ ಕೆಲವು ಡೈನೊಗಳು ವಿಷಕಾರಿ. ತಿಂದ ಬಸವನಹುಳುಗಳು ಸಾಲಾಗಿ ಸತ್ತರೆ ಅನುಮಾನಪಡಿ.

ವಿಷದ ಮಾತು ಬಂತಲ್ಲ, ಇನ್ನೊಂದು ಎಚ್ಚರಿಕೆ. ಏನು ಕೊಳೆಯಾದರೂ ಬಿಸಿನೀರಲ್ಲಿ ಕುದಿಸಿದರೆ ಶುದ್ಧ ಎನ್ನುವುದು ನಮ್ಮ ಮನೆಗಳ ನಂಬಿಕೆ. ಪಾಚಿ ಹಿಡಿದ ಸಮುದ್ರದ ಕಲ್ಲನ್ನು ಎಂದಿಗೂ ಕುದಿಸಬೇಡಿ. ಅದರ ಮೇಲೆ ಹವಳದ ನೆಂಟರಾದ ಗುಂಡಿಯಾಕಾರದ ಜೊಯಾಂಥಿಡ್‌ಗಳು ಇದ್ದರೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಹಬೆಯ ಜೊತೆ ಏಳಬಹುದು. ಹೀಗೆ ಮಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಡೈನೊ ನಮಗೆ ಅಪರಿಚಿತವೇನಲ್ಲ. 2020ರ ಕೊನೆಗೆ ಉಡುಪಿ, ಮಂಗಳೂರು ಕಡೆ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ಜನ ಜಾತ್ರೆಯಂತೆ ನೆರೆದು ನೋಡಿದ್ದರು. ಆ ಬೆಳಕು ಕಡಲ ಡೈನೊಫ್ಲಾಜೆಲೇಟ್‌ಗಳದ್ದು. ಅದಕ್ಕಿಂತ ದೊಡ್ಡ ಸಂಗತಿ ಹವಳದೊಳಗೇ ಇದೆ. ಹವಳದ ಬಣ್ಣ, ಹವಳದ ಅನ್ನ ಎರಡನ್ನೂ ಕೊಡುವುದು ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ. ಬಿಸಿಗೆ ಅದು ಬಿಟ್ಟುಹೋದಾಗ ಹವಳ ಬಿಳಿಚುತ್ತದೆ. ಆ ಪಾಚಿಯೂ ಡೈನೊಫ್ಲಾಜೆಲೇಟೇ. ಕಲ್ಲಿನ ಮೇಲಿದ್ದರೆ ಸಿಂಬಳ ಎಂದು ಬೈಸಿಕೊಳ್ಳುವ ಕುಲದ ಒಬ್ಬ ನೆಂಟ, ಹವಳದೊಳಗೆ ಅಡುಗೆಯವನು. ಪೋಷಕಾಂಶ ಬಡವಾದ ಕೆಂಪು ಸಮುದ್ರದಲ್ಲಿ ಇಷ್ಟು ಶ್ರೀಮಂತ ಹವಳದಿಣ್ಣೆ ನಿಂತಿರುವ ಗುಟ್ಟು ಇಂಥ ಕೊಡುಕೊಳ್ಳುವಿಕೆಯಲ್ಲಿದೆ: ಇದ್ದ ಸ್ವಲ್ಪವನ್ನೇ ಕೆಳಗೆ ಬೀಳಲು ಬಿಡದೆ ಕೈಯಿಂದ ಕೈಗೆ ದಾಟಿಸುತ್ತಾರೆ.

ಜೆಡ್ಡಾದಿಂದ ಉತ್ತರಕ್ಕೆ ಥುವಲ್‌ನಲ್ಲಿ 2009ರಲ್ಲಿ ಆರಂಭವಾದ ಕಿಂಗ್ ಅಬ್ದುಲ್ಲಾ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದವರು ಇದೇ ದಾರಿ ಹಿಡಿದಿದ್ದಾರೆ. ಬ್ರೆಜಿಲ್ ಮೂಲದ ವಿಜ್ಞಾನಿ ರಾಕೆಲ್ ಪೆಯ್ಶೊಟೊ ಅಲ್ಲಿ ಸಮುದ್ರದ ತಳದಲ್ಲೇ ಒಂದು ‘ಪ್ರೊಬಯಾಟಿಕ್ ಹಳ್ಳಿ’ ಕಟ್ಟಿ, ಹವಳಕ್ಕೆ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಉಣಿಸಿ ನೋಡುತ್ತಿದ್ದಾರೆ. ಕೆಟ್ಟದ್ದನ್ನು ಕೊಲ್ಲಲು ಹೋಗದೆ ಒಳ್ಳೆಯದಕ್ಕೆ ಜಾಗ ಕೊಡುವ ಕೆಲಸ.

ಗಲ್ಫ್ ಕನ್ನಡಿಗರಿಗೆ ಕೊನೆಯ ಒಂದು ಮಾತು. ತೊಟ್ಟಿ ಕೆಡುವುದು ಹೆಚ್ಚಾಗಿ ಜುಲೈ, ಆಗಸ್ಟಿನಲ್ಲಿ, ಮಕ್ಕಳ ರಜೆಗೆ ಊರಿಗೆ ಹೋದಾಗ. ಎಸಿ ಆರಿಸಿ ಬಾಗಿಲು ಹಾಕಿದರೆ ಕೆಲವೇ ದಿನದಲ್ಲಿ 26 ಡಿಗ್ರಿ ಇರಬೇಕಾದ ನೀರು ಹವಳ ತಡೆಯಬಲ್ಲ ಮಿತಿ ದಾಟುತ್ತದೆ. ಪಕ್ಕದ ಮನೆಯವರಿಗೆ ಮೀನಿನ ಆಹಾರದ ಡಬ್ಬಿ ಕೊಟ್ಟರೆ ಅವರು ಪ್ರೀತಿಯಿಂದ ದಿನಕ್ಕೆ ಮೂರು ಸಲ ಉಣಿಸುತ್ತಾರೆ. ಡಬ್ಬಿ ಕೊಡಬೇಡಿ, ದಿನಕ್ಕೊಂದು ಪೊಟ್ಟಣ ಕಟ್ಟಿಟ್ಟು ಹೋಗಿ. ಹೊಸ ತೊಟ್ಟಿಯನ್ನು ಊರಿಂದ ಬಂದ ಮೇಲೆ, ಸೆಪ್ಟೆಂಬರಿನಲ್ಲಿ ಆರಂಭಿಸಿದರೆ ಮುಂದಿನ ರಜೆಯ ಹೊತ್ತಿಗೆ ಅದು ಕುರೂಪದ ಕಾಲ ದಾಟಿರುತ್ತದೆ.

ದಾಟಿದ್ದು ಗೊತ್ತಾಗುವುದು ಹೇಗೆ? ಒಂದು ದಿನ ಹಿಂದಿನ ಗಾಜಿನ ಮೇಲೆ ಕುಂಕುಮದ ಪುಡಿ ಸಿಡಿದ ಹಾಗೆ ನಸುಗೆಂಪು, ನೇರಳೆ ಚುಕ್ಕೆಗಳು ಕಾಣುತ್ತವೆ. ಉಗುರಿನಿಂದ ಕೆರೆದರೆ ಬರುವುದಿಲ್ಲ, ಕಲ್ಲಿನಂತೆ ಅಂಟಿರುತ್ತವೆ. ಮೆಲ್ಲಗೆ ಹರಡಿ, ಕೂದಲಿದ್ದ ಕಲ್ಲನ್ನು, ಲೋಳೆಯಿದ್ದ ಮೂಲೆಯನ್ನು ತಮ್ಮದಾಗಿಸಿಕೊಳ್ಳುತ್ತವೆ. ಸುಣ್ಣದ ಮೈಯ ಈ ಒಕ್ಕಲು ನಿಂತಲ್ಲಿ ಬೇರೆ ಪಾಚಿಗೆ ಬೇರೂರಲು ಕಷ್ಟ. ಎಷ್ಟೋ ಹವಳದ ಮರಿಗಳು ಕಡಲಲ್ಲಿ ನೆಲೆ ಹುಡುಕುವಾಗ ಇದರ ಮೈಯನ್ನೇ ಆರಿಸಿಕೊಳ್ಳುತ್ತವೆ. ಇದರ ಹೆಸರು ಕೊರಲಿನ್. ಇದೂ ಪಾಚಿಯೇ. ಎಲ್ಲ ಗಾಜನ್ನೂ ಉಜ್ಜಿ ಪಳಪಳ ಮಾಡುವ ಆಸೆಯಿದ್ದರೆ ಮುಂದಿನ ಗಾಜನ್ನು ಮಾತ್ರ ಉಜ್ಜಿಕೊಳ್ಳಿ. ಹಿಂದಿನದನ್ನು ಅದಕ್ಕೆ ಬಿಟ್ಟುಕೊಡಿ.